ಬಿಡುವ ಉಸಿರು ಮೊದಲು: ಕೊಡಗಿನ ಚಳಿ, ಮಳೆ, ತೋಟದ ಕೆಲಸದ ನಡುವೆ ಪ್ರಾಣಾಯಾಮ ಕಲಿಯಲು ಸಮಗ್ರ ಮಾರ್ಗದರ್ಶಿ

ಪ್ರಾಣಾಯಾಮ ಅಂದ ಕೂಡಲೇ ಹೆಚ್ಚಿನವರು ಎದೆ ಉಬ್ಬಿಸಿ ಉಸಿರು ಎಳೆಯುತ್ತಾರೆ. ಎಳೆದಿದ್ದನ್ನು ಆದಷ್ಟು ಹೊತ್ತು ಹಿಡಿದಿಡುತ್ತಾರೆ. ಮುಖ ಕೆಂಪಾಗುತ್ತದೆ, ಕತ್ತು ಬಿಗಿಯುತ್ತದೆ, ಬಿಡುವಾಗ ಉಸಿರು ಒಮ್ಮೆಲೇ ಹೊರಗೆ ನುಗ್ಗುತ್ತದೆ. ನಾಲ್ಕು ದಿನ ಹೀಗೆ ಮಾಡಿ ‘ಇದು ನನಗೆ ಆಗಿಬರಲ್ಲ’ ಅಂತ ಬಿಟ್ಟವರು ಬಹಳ ಜನ. ಜೂನ್ 21ರ ಯೋಗ ದಿನದಂದು ಶುರುವಾದ ಉತ್ಸಾಹ ಜುಲೈ ಮಳೆ ಹೊತ್ತಿಗೆ ಆರಿಹೋಗುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ.

ಇಲ್ಲಿ ನಾವು ಉಲ್ಟಾ ದಾರಿ ಹಿಡಿಯೋಣ. ಮೊದಲು ಉಸಿರು ಬಿಡುವುದನ್ನು ಕಲಿಯೋಣ. ಬಿಡುವುದು ನಿಧಾನವಾದರೆ ಎಳೆಯುವುದು ತಾನಾಗಿಯೇ ಹದಕ್ಕೆ ಬರುತ್ತದೆ. ಹಿಡಿಯುವ ವಿಷಯ ಎಲ್ಲಕ್ಕಿಂತ ಕೊನೆಗೆ, ಅದೂ ಬೇಕಾದವರಿಗೆ ಮಾತ್ರ.

ಪತಂಜಲಿ ಹೇಳಿದ ಕ್ರಮ

ಇದು ನಾನು ಹುಟ್ಟಿಸಿದ ಕ್ರಮ ಅಲ್ಲ. ಪತಂಜಲಿಯ ಯೋಗಸೂತ್ರಗಳ ಮೊದಲ ಪಾದದಲ್ಲೇ, ಅಂದರೆ ಮೊದಲ ಅಧ್ಯಾಯದಲ್ಲೇ, ಇದಕ್ಕೆ ಆಧಾರ ಇದೆ. ಅಲ್ಲಿನ 31ನೇ ಸೂತ್ರ ನೋಡಿ. ಮನಸ್ಸು ಚದುರಿದಾಗ ಅದರ ಜೊತೆಗೇ ದುಃಖ, ಬೇಸರ, ಮೈ ನಡುಕ, ಏರುಪೇರಾದ ಉಸಿರು ಬರುತ್ತವೆ ಅನ್ನುತ್ತದೆ. ಗಾಬರಿಯಾದಾಗ ನಮ್ಮ ಉಸಿರು ಹೇಗಿರುತ್ತದೆ ಅಂತ ನೆನಪಿಸಿಕೊಂಡರೆ ಸಾಕು, ಮಾತು ನಿಜ ಅಲ್ವಾ? ಇನ್ನು ಮೂರು ಸೂತ್ರ ದಾಟಿದರೆ 34ನೆಯದು. ಮನಸ್ಸನ್ನು ತಿಳಿಗೊಳಿಸುವ ಹಲವು ದಾರಿಗಳನ್ನು ಹೇಳುವಾಗ ಪತಂಜಲಿ ಉಸಿರಿನ ದಾರಿಯನ್ನೂ ಹೇಳುತ್ತಾರೆ. ಆ ಸೂತ್ರ ಶುರುವಾಗುವುದೇ ಉಸಿರನ್ನು ಹೊರಗೆ ಬಿಡುವುದರಿಂದ. ತಡೆದು ನಿಲ್ಲಿಸುವ ಮಾತು ಅದರ ನಂತರ ಬರುತ್ತದೆ.

ಎರಡನೇ ಪಾದದಲ್ಲಿ ಎಂಟು ಅಂಗಗಳು ಬರುತ್ತವೆ: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಪ್ರಾಣಾಯಾಮ ನಾಲ್ಕನೆಯದು. ಕೂರುವುದು ಸ್ಥಿರವಾಗಿ, ಸುಖವಾಗಿ ಆದಮೇಲೆಯೇ ಉಸಿರಿನ ಕೆಲಸ ಅಂತ 49ನೇ ಸೂತ್ರ ಸ್ಪಷ್ಟವಾಗಿ ಹೇಳುತ್ತದೆ. 50ನೇ ಸೂತ್ರ ಅಳತೆಗೋಲು ಕೊಡುತ್ತದೆ: ಜಾಗ, ಹೊತ್ತು, ಎಣಿಕೆ. ಉಸಿರು ಮೈಯಲ್ಲಿ ಎಲ್ಲಿ ಓಡಾಡುತ್ತಿದೆ, ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ, ಎಷ್ಟು ಸಲ ಆಯಿತು. ಈ ಮೂರನ್ನೂ ಗಮನಿಸುತ್ತಾ ಹೋದರೆ ಉಸಿರು ದೀರ್ಘವೂ ಸೂಕ್ಷ್ಮವೂ ಆಗುತ್ತದೆ. ಮುಂದೆ ಬರುವ ಹಂತಗಳೆಲ್ಲ ಈ ಮೂರು ಅಳತೆಯ ಮೇಲೆಯೇ ನಿಂತಿವೆ.

ಯಮ, ನಿಯಮ ಅನ್ನುವ ನಡತೆಯ ಕಟ್ಟುಪಾಡುಗಳನ್ನು ದೊಡ್ಡವರ ಉಪದೇಶ ಅಂತ ದಾಟಿಸಿಬಿಡುವವರೇ ಜಾಸ್ತಿ. ನನಗೆ ಅವು ಉಸಿರಿನ ಅಭ್ಯಾಸದಲ್ಲೇ ತುಂಬಾ ಕೆಲಸಕ್ಕೆ ಬರುತ್ತವೆ. ಅಹಿಂಸೆ ಅಂದರೆ ಇಲ್ಲಿ ನಿಮ್ಮ ಶ್ವಾಸಕೋಶದ ಮೇಲೆ ಬಲವಂತ ಮಾಡದಿರುವುದು. ಸತ್ಯ ಅಂದರೆ ಆರು ಎಣಿಕೆ ಆಗದಿದ್ದರೆ ಆಗಲಿಲ್ಲ ಅಂತ ಒಪ್ಪಿಕೊಳ್ಳುವುದು. ಅಪರಿಗ್ರಹ ಅಂದರೆ ಪಕ್ಕದವರಿಗೆ ಹತ್ತು ಎಣಿಕೆ ಆಗುತ್ತದೆ, ನನಗೂ ಬೇಕು ಅನ್ನುವ ಆಸೆ ಬಿಡುವುದು.

ಇನ್ನೊಂದು ಪ್ರಶ್ನೆ ಕೊಡಗಿನಲ್ಲಿ ಪದೇಪದೇ ಕೇಳಿಬರುತ್ತದೆ. ‘ನಾವು ಪಂದಿಕರಿ (ಹಂದಿಮಾಂಸದ ಸಾರು) ತಿನ್ನುವವರು, ನಮಗೆ ಪ್ರಾಣಾಯಾಮ ಆಗುತ್ತಾ?’ ಯೋಗಸೂತ್ರಗಳಲ್ಲಿ ಊಟದ ಪಟ್ಟಿ ಇಲ್ಲ. ಅಹಿಂಸೆಯನ್ನು ಊಟಕ್ಕೂ ಅನ್ವಯಿಸುವವರು ಇದ್ದಾರೆ. ಅದು ಅವರವರ ಮನಸ್ಸಿಗೆ ಬಿಟ್ಟ ವಿಷಯ. ಉಸಿರಿನ ಅಭ್ಯಾಸಕ್ಕೆ ಬೇಕಾದದ್ದು ಹಗುರ ಹೊಟ್ಟೆ. ಕೈಲ್‌ಪೋದ್ ಅಥವಾ ಪುತ್ತರಿ ಹಬ್ಬದ ಊಟ ಮುಗಿಸಿದ ಮಧ್ಯಾಹ್ನ ಕೂರಬೇಡಿ, ಅಷ್ಟೇ. ಜೋರು ಊಟ ಆದಮೇಲೆ ಮೂರು ನಾಲ್ಕು ಗಂಟೆ ಬಿಡುವು ಇರಲಿ.

ಲಯ ಯಾಕೆ ಮುಖ್ಯ

ಸುಮ್ಮನೆ ಕೂತಿರುವ ದೊಡ್ಡವರು ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಸಲ ಉಸಿರಾಡುತ್ತಾರೆ. ಉಸಿರು ಎಳೆಯುವಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ. ಬಿಡುವಾಗ ಸ್ವಲ್ಪ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ, ಹೊಟ್ಟೆಗೆ ಇಳಿಯುವ ವೇಗಸ್ ನರ ಈ ಕೆಲಸ ನಡೆಸುತ್ತದೆ. ಮೈಯನ್ನು ವಿಶ್ರಾಂತಿಗೆ ತರುವುದೂ ಇದೇ ನರ. ಬಿಡುವ ಉಸಿರು ಉದ್ದವಾದಷ್ಟೂ ಹೃದಯ ನಿಧಾನವಾಗಿರುವ ಹೊತ್ತೂ ಉದ್ದವಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹುಡುಕಿ. ಒಂದು ಉಸಿರು ನಿಧಾನ ಎಳೆಯಿರಿ, ಇನ್ನೂ ನಿಧಾನ ಬಿಡಿ. ಬಿಡುವಾಗ ಬಡಿತಗಳ ನಡುವಿನ ಅಂತರ ಹಿಗ್ಗುವುದು ಎಷ್ಟೋ ಜನರಿಗೆ ಬೆರಳಿಗೇ ಗೊತ್ತಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಹೆಚ್ಚು ಸ್ಪಷ್ಟ. ವಯಸ್ಸಾದವರಿಗೆ ಗೊತ್ತಾಗದಿದ್ದರೆ ಚಿಂತೆ ಬೇಡ.

ಹೊಟ್ಟೆ ಮತ್ತು ಎದೆಯ ನಡುವೆ ಇರುವ ವಪೆ ಅನ್ನುವ ಸ್ನಾಯು ಉಸಿರಾಟದ ಮುಖ್ಯ ಕೆಲಸಗಾರ. ಅದು ಕೆಳಗಿಳಿದಾಗ ಹೊಟ್ಟೆ ಮುಂದೆ ಬರುತ್ತದೆ, ಗಾಳಿ ಒಳಗೆ ಬರುತ್ತದೆ. ದಿನವಿಡೀ ಬಗ್ಗಿ ಕಾಫಿ ಕೊಯ್ದವರ, ನೆರಳಿನ ಮರಗಳ ಕೊಂಬೆ ಕಡಿದು ಮರಗಸಿ ಮಾಡಿದವರ ಹೆಗಲು ಸಂಜೆ ಕಲ್ಲಾಗಿರುತ್ತದೆ. ಮೇಜಿನ ಮುಂದೆ ಕೂತು ಲೆಕ್ಕ ಬರೆದವರದ್ದೂ ಅದೇ ಕಥೆ. ಆಗ ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಹಾಗಾಗಿ ಮೊದಲ ಹಂತ ಮಲಗಿಯೇ ಮಾಡುವುದು ಒಳ್ಳೆಯದು.

ಜಾಗ, ಹೊತ್ತು, ಆಸನ

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿ ಸಾಲದು ಅನ್ನುವ ಪ್ರಶ್ನೆ ಇಲ್ಲ. ಇಲ್ಲಿ ನೋಡಿಕೊಳ್ಳಬೇಕಾದದ್ದು ಚಳಿ, ತೇವ ಮತ್ತು ಹೊಗೆ.

ಮಳೆಗಾಲದಲ್ಲಿ ನೆಲದ ಮೇಲೆ ಬರೀ ಚಾಪೆ ಹಾಸಿ ಕೂರಬೇಡಿ. ಕೆಳಗಿನಿಂದ ಥಂಡಿ ಏರುತ್ತದೆ. ದಪ್ಪ ಕಂಬಳಿಯನ್ನು ಎರಡು ಮೂರು ಮಡಿಕೆ ಮಾಡಿ ಕೂತುಕೊಳ್ಳಿ. ಬೂಷ್ಟು ಹಿಡಿದ ಗೋಡೆ, ಒಣಗದ ಬಟ್ಟೆ ನೇತುಹಾಕಿದ ಕೋಣೆ ಬೇಡ. ಒಲೆಯ ಪಕ್ಕ ಬೆಚ್ಚಗಿರುತ್ತದೆ, ನಿಜ. ಆದರೆ ಅಲ್ಲಿ ಸೌದೆ ಹೊಗೆ ಇರುತ್ತದೆ. ಐನ್‌ಮನೆಯ ಕೈಯಾಲೆಯಂಥ ಜಗುಲಿ ಬೇಸಿಗೆಗೆ ಚೆನ್ನ, ಆಷಾಢದ ಗಾಳಿಗೆ ಬೇಡ. ತೋಟದಲ್ಲಿ ಬೋರ್ಡೋ ದ್ರಾವಣವೋ ಬೇರೆ ಔಷಧಿಯೋ ಸಿಂಪಡಿಸಿದ ದಿನ ಹೊರಗೆ ಕೂರಲೇಬೇಡಿ. ಕಣದಲ್ಲಿ ಒಣಗಿದ ಕಾಫಿ ಮೂಟೆಗೆ ತುಂಬುವಾಗ ಏಳುವ ದೂಳಿನ ಹತ್ತಿರವೂ ಬೇಡ. ಹೂಮಳೆ ಬಂದು ಕಾಫಿ ಹೂ ಬಿಟ್ಟ ವಾರ ಹೊರಗೆ ಕೂರುವುದು ಎಷ್ಟೋ ಜನರಿಗೆ ಸ್ವರ್ಗ. ಆ ಗಾಢ ವಾಸನೆಗೆ ತಲೆ ಭಾರವಾಗುವವರು, ಸೀನು ಬರುವವರು ಮಾತ್ರ ಒಳಗೇ ಇರಿ.

ಬೆಳಿಗ್ಗೆ ಎದ್ದು, ಬಹಿರ್ದೆಸೆ ಮುಗಿಸಿ, ಬೆಲ್ಲದ ಕಾಪಿಗಿಂತ ಮೊದಲು ಕೂರುವುದು ಒಳ್ಳೆಯ ಹೊತ್ತು. ಕಾಪಿ ಕೆಲವರಲ್ಲಿ ಹೃದಯದ ಬಡಿತ ಏರಿಸುತ್ತದೆ, ಆಮೇಲೆ ನಿಧಾನ ಮಾಡುವುದು ಕಷ್ಟ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಪುರುಸೊತ್ತು ಇರುವುದಿಲ್ಲ. ಆಗ ಸಂಜೆ ಸ್ನಾನ ಮಾಡಿ, ಊಟಕ್ಕೆ ಮುಂಚೆ ಮಾಡಿ. ಹೊತ್ತು ದಿನಾ ಒಂದೇ ಇದ್ದರೆ ಮನಸ್ಸು ಬೇಗ ಒಗ್ಗುತ್ತದೆ.

ಪದ್ಮಾಸನ ಬೇಕೇ ಬೇಕು ಅಂತಿಲ್ಲ. ಚಕ್ಕಳಮಕ್ಕಳ ಸಾಕು. ಮಂಡಿ ಸೊಂಟಕ್ಕಿಂತ ಮೇಲೆ ನಿಂತರೆ ಕೆಳಗೆ ಇನ್ನೊಂದು ಮಡಿಕೆ ಕಂಬಳಿ ಸೇರಿಸಿ. ಮಂಡಿ ನೋವಿದ್ದರೆ ಕುರ್ಚಿಯಲ್ಲಿ ಕೂರಿ, ಪಾದ ಪೂರ್ತಿ ನೆಲಕ್ಕೆ ತಾಗಲಿ, ಬೆನ್ನು ನೇರ ಇರಲಿ.

ಮೊದಲ ಹಂತ: ಮಲಗಿ ನೋಡುವುದು

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಪ್ರಾಣಾಯಾಮವನ್ನು ಮಲಗಿಯೇ ಶುರುಮಾಡಿಸುತ್ತಿದ್ದರು. ಬೆನ್ನಿನ ಕೆಳಗೆ ಮಡಿಸಿದ ಕಂಬಳಿ ಇಡಿಸುತ್ತಿದ್ದರು. ಕೊಡಗಿನಲ್ಲಿ ಕಂಬಳಿಗೆ ಬರವಿಲ್ಲ, ನಾವೂ ಹಾಗೇ ಮಾಡೋಣ.

ಕಂಬಳಿಯನ್ನು ಉದ್ದಕ್ಕೆ ತೆಳ್ಳಗೆ ಮಡಿಸಿ ಬೆನ್ನುಹುರಿಗೆ ಸಮನಾಗಿ ಹಾಸಿ, ಅದರ ಮೇಲೆ ಅಂಗಾತ ಮಲಗಿ. ತಲೆಗೆ ಇನ್ನೊಂದು ಸಣ್ಣ ಮಡಿಕೆ. ಚಳಿ ಇದ್ದರೆ ಹೊದ್ದುಕೊಳ್ಳಿ. ಒಂದು ಕೈ ಹೊಕ್ಕುಳ ಮೇಲೆ, ಇನ್ನೊಂದು ಎದೆಯ ಮೇಲೆ. ಬಾಯಿ ಮುಚ್ಚಿರಲಿ, ಹಲ್ಲು ಕಚ್ಚಬೇಡಿ. ಈಗ ಏನೂ ಮಾಡಬೇಡಿ. ಯಾವ ಕೈ ಏಳುತ್ತದೆ ಅಂತ ನೋಡಿ. ಉಸಿರು ಬಿಟ್ಟ ಮೇಲೆ, ಮುಂದಿನದು ಬರುವ ಮುಂಚೆ, ಒಂದು ಚಿಕ್ಕ ಬಿಡುವು ಇರುತ್ತದೆ. ಅದನ್ನು ಹುಡುಕಿ, ಉದ್ದ ಮಾಡಲು ಹೋಗಬೇಡಿ.

ಐದು ನಿಮಿಷ ಸಾಕು. ಮೊದಲ ವಾರ ಇಷ್ಟೇ. ಕೆಲವರಿಗೆ ನೋಡಲು ಶುರುಮಾಡಿದ ಕೂಡಲೇ ಉಸಿರು ಕಟ್ಟಿದಂತೆ ಆಗುತ್ತದೆ. ಆಗ ಗಮನವನ್ನು ಮೂಗಿನಿಂದ ತೆಗೆದು ಹೊಟ್ಟೆಯ ಮೇಲಿನ ಕೈಗೆ ಕೊಡಿ, ಇಲ್ಲವೇ ಕಣ್ಣು ತೆರೆದು ಮಾಡಿ.

ಎರಡನೇ ಹಂತ: ಸಮ ಎಣಿಕೆ

ಎರಡನೇ ವಾರದಿಂದ ಕೂತು ಮಾಡಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಎಳೆಯಿರಿ, ನಾಲ್ಕು ಎಣಿಸುತ್ತಾ ಮೂಗಿನಿಂದಲೇ ಬಿಡಿ. ಎಳೆಯುವುದೂ ಬಿಡುವುದೂ ಸಮ ಆಗಿರುವುದರಿಂದ ಇದಕ್ಕೆ ಸಮವೃತ್ತಿ ಅನ್ನುತ್ತಾರೆ. ಒಂದು ಎಣಿಕೆ ಸುಮಾರು ಒಂದು ಸೆಕೆಂಡ್. ಮೊಬೈಲ್ ಟೈಮರ್ ನೋಡುತ್ತಾ ಮಾಡಬೇಡಿ, ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನಸ್ಸಿನಲ್ಲೇ ಎಣಿಸಿ. ಕನ್ನಡದಲ್ಲಿ ಎಣಿಸಿ, ಕೊಡವ ತಕ್ಕಿನಲ್ಲಿ ಒಂದ್, ದಂಡ್, ಮೂಂದ್, ನಾಲ್ ಅಂತ ಎಣಿಸಿ, ಇಲ್ಲವೇ ಕೊಡವರ ದೇವರು ಇಗ್ಗುತಪ್ಪನ ಹೆಸರು ಹೇಳಿಕೊಳ್ಳಿ. ಚಿಕ್ಕಂದಿನಿಂದ ಬಾಯಿಗೆ ಬಂದ ಭಾಷೆಯಲ್ಲಿ ಎಣಿಸಿದರೆ ಲಯ ಸುಲಭವಾಗಿ ಕೂರುತ್ತದೆ.

ನಾಲ್ಕು ಉದ್ದ ಅನಿಸಿದರೆ ಮೂರು ಮಾಡಿ. ಎಳೆಯುವ ಕೊನೆಗೆ ಹೆಗಲು ಏಳುತ್ತಿದ್ದರೆ ಎಣಿಕೆ ನಿಮಗೆ ಜಾಸ್ತಿ ಆಯಿತು ಅಂತ ಅರ್ಥ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಉಸಿರಿನ ಸದ್ದು ಕೇಳಿಸಬಾರದು.

ಮೂರನೇ ಹಂತ: ಬಿಡುವುದನ್ನು ಉದ್ದ ಮಾಡುವುದು

ಇದೇ ಈ ಅಭ್ಯಾಸದ ಹೃದಯ. ಮೂರನೆಯ ಅಥವಾ ನಾಲ್ಕನೆಯ ವಾರ, ಸಮ ಎಣಿಕೆ ಆರಾಮಾದ ಮೇಲೆ ಶುರುಮಾಡಿ.

ನಾಲ್ಕು ಎಣಿಕೆ ಎಳೆಯಿರಿ, ಐದು ಎಣಿಕೆ ಬಿಡಿ. ಕೆಲವು ದಿನ ಹೀಗೇ ಇರಲಿ. ಆಮೇಲೆ ನಾಲ್ಕು ಎಳೆದು ಆರು ಬಿಡಿ. ಹತ್ತು ಸೆಕೆಂಡಿಗೆ ಒಂದು ಉಸಿರು, ಅಂದರೆ ನಿಮಿಷಕ್ಕೆ ಆರು. ನಿಧಾನ ಉಸಿರಾಟದ ಬಗ್ಗೆ ನಡೆದಿರುವ ಎಷ್ಟೋ ಸಂಶೋಧನೆಗಳು ಇದೇ ಲಯದ ಸುತ್ತ ಸುತ್ತುತ್ತವೆ. ಈ ವೇಗದಲ್ಲಿ ಉಸಿರಿನ ಏರಿಳಿತ ಮತ್ತು ಹೃದಯ ಬಡಿತದ ಏರಿಳಿತ ಚೆನ್ನಾಗಿ ಕೂಡಿಕೊಳ್ಳುತ್ತವೆ.

ಬಿಡುವಾಗ ಎರಡು ತಪ್ಪು ಸಾಮಾನ್ಯ. ಒಂದು, ಮೊದಲ ಎರಡು ಎಣಿಕೆಗೇ ಗಾಳಿಯೆಲ್ಲ ಖಾಲಿ ಮಾಡಿ ಉಳಿದ ನಾಲ್ಕಕ್ಕೆ ಒದ್ದಾಡುವುದು. ಶುರುವಿನಲ್ಲೇ ಸ್ವಲ್ಪ ಸ್ವಲ್ಪ ಬಿಡಿ. ಇನ್ನೊಂದು, ಕೊನೆಯ ಹನಿವರೆಗೂ ಹೊಟ್ಟೆ ಒತ್ತಿ ಹಿಂಡುವುದು. ಅದು ಬೇಡ. ಮುಂದಿನ ಉಸಿರನ್ನು ಗಬಕ್ಕನೆ ಎಳೆಯುವ ಹಾಗಾದರೆ ನೀವು ಜಾಸ್ತಿ ಬಿಟ್ಟಿದ್ದೀರಿ. ಇಲ್ಲಿ ಪರೀಕ್ಷೆ ಯಾವಾಗಲೂ ಮುಂದಿನ ಉಸಿರೇ. ಅದು ಮೆಲ್ಲಗೆ ಬಂದರೆ ಹಿಂದಿನದು ಸರಿಯಾಗಿತ್ತು.

ತಲೆ ಹಗುರ, ಬೆರಳ ತುದಿ ಅಥವಾ ತುಟಿಯ ಸುತ್ತ ಜುಮ್ಮೆನ್ನುವುದು ಆದರೆ ತಕ್ಷಣ ನಿಲ್ಲಿಸಿ. ದೊಡ್ಡ ದೊಡ್ಡ ಉಸಿರು ತೆಗೆದುಕೊಂಡಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ. ಕೆಲವರು ಇದನ್ನು ‘ಶಕ್ತಿ ಏರುತ್ತಿದೆ’ ಅಂತ ತಿಳಿಯುತ್ತಾರೆ. ಹಾಗೆ ತಿಳಿಯಬೇಡಿ. ನಿಧಾನ ಉಸಿರು ಅಂದರೆ ದೊಡ್ಡ ಉಸಿರು ಅಲ್ಲ. ಪ್ರಮಾಣ ಸಣ್ಣದಿರಲಿ, ಹರಿವು ಉದ್ದ ಇರಲಿ. ಹತ್ತು ನಿಮಿಷದಿಂದ ಹದಿನೈದು ನಿಮಿಷ ಮಾಡಿದರೆ ಧಾರಾಳ.

ನಾಲ್ಕನೇ ಹಂತ: ನಾಡಿಶೋಧನ, ಹಿಡಿಯದೆ

ಬಲಗೈಯ ತೋರುಬೆರಳು, ನಡುಬೆರಳು ಮಡಿಸಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರ ಬೆರಳು ಎಡ ಹೊಳ್ಳೆಗೆ. ಮೂಗಿನ ಎಲುಬು ಮುಗಿದು ಮೆತ್ತಗಾಗುವ ಜಾಗದಲ್ಲಿ ಹಗುರವಾಗಿ ಒತ್ತಿ.

1. ಮೊದಲು ಎರಡೂ ಹೊಳ್ಳೆಯಿಂದ ಉಸಿರು ಬಿಡಿ.
2. ಬಲ ಮುಚ್ಚಿ, ಎಡದಿಂದ ನಾಲ್ಕು ಎಣಿಕೆ ಎಳೆಯಿರಿ.
3. ಎಡ ಮುಚ್ಚಿ, ಬಲ ತೆರೆದು ಆರು ಎಣಿಕೆ ಬಿಡಿ.
4. ಬಲದಿಂದಲೇ ನಾಲ್ಕು ಎಳೆಯಿರಿ.
5. ಬಲ ಮುಚ್ಚಿ, ಎಡ ತೆರೆದು ಆರು ಬಿಡಿ.

ಇದು ಒಂದು ಸುತ್ತು. ಐದು ಸುತ್ತಿನಿಂದ ಶುರುಮಾಡಿ. ಇಲ್ಲಿ ನಾಡಿ ಅಂದರೆ ಮಣಿಕಟ್ಟಿನ ಬಡಿತ ಅಲ್ಲ, ಪ್ರಾಣ ಹರಿಯುವ ದಾರಿ. ಎಡದ್ದು ಇಡಾ, ಚಂದ್ರನ ದಾರಿ. ಬಲದ್ದು ಪಿಂಗಳಾ, ಸೂರ್ಯನ ದಾರಿ. ಎರಡೂ ಸಮವಾದಾಗ ನಡುವಿನ ಸುಷುಮ್ನೆ ತೆರೆಯುತ್ತದೆ ಅನ್ನುವುದು ಹಠಯೋಗದ ನಂಬಿಕೆ. ಮೈಯ ಲೆಕ್ಕದಲ್ಲೂ ಮೂಗಿನ ಎರಡು ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯಲ್ಲಿ ಹೆಚ್ಚು ಕಮ್ಮಿ ತೆರೆದುಕೊಳ್ಳುತ್ತಲೇ ಇರುತ್ತವೆ. ಹಾಗಾಗಿ ಒಂದು ಕಡೆ ಬಿಗಿ ಅನಿಸಿದರೆ ಗಾಬರಿ ಬೇಡ. ನೆಗಡಿಯಿಂದ ಒಂದು ಹೊಳ್ಳೆ ಪೂರ್ತಿ ಕಟ್ಟಿದ್ದರೆ ಆ ದಿನ ಇದನ್ನು ಬಿಟ್ಟು ಮೂರನೇ ಹಂತವನ್ನೋ ಮುಂದೆ ಬರುವ ಭ್ರಾಮರಿಯನ್ನೋ ಮಾಡಿ.

ಐದನೇ ಹಂತ: ಭ್ರಾಮರಿ

ಹೆಬ್ಬೆರಳಿನಿಂದ ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ಮೆಲ್ಲಗೆ ಒತ್ತಿ ಕಿವಿ ಮುಚ್ಚಿ. ಉಸಿರು ಎಳೆದುಕೊಂಡು, ಬಾಯಿ ಮುಚ್ಚಿಯೇ ‘ಮ್’ ಅಂತ ಗುಂಯ್‌ಗುಡುತ್ತಾ ಬಿಡಿ. ಜೋರು ಬೇಡ. ಏಳೆಂಟು ಸಲ ಸಾಕು. ಇದರಲ್ಲಿ ಎಣಿಸುವ ಕೆಲಸವೇ ಇಲ್ಲ. ಸದ್ದು ಇರುವಷ್ಟು ಹೊತ್ತು ಬಿಡುವ ಉಸಿರು ತಾನಾಗಿಯೇ ಉದ್ದವಾಗಿರುತ್ತದೆ. ಹೀಗೆ ಗುಂಯ್‌ಗುಟ್ಟುವಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಪ್ರಮಾಣ ಏರುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಮಕ್ಕಳಿಗೂ ಅಜ್ಜ ಅಜ್ಜಿಯರಿಗೂ ನಾನು ಮೊದಲು ಹೇಳುವುದು ಇದನ್ನೇ. ಕಿವಿ ನೋವು, ಕಿವಿ ಸೋರುವುದು ಇದ್ದವರು ಕಿವಿ ಮುಚ್ಚದೆ ಮಾಡಿ.

ಅಭ್ಯಾಸ ಮುಗಿದ ಕೂಡಲೇ ಎದ್ದು ಓಡಬೇಡಿ. ಮೂರು ನಿಮಿಷ ಎಣಿಕೆಯೂ ಇಲ್ಲದೆ ಸುಮ್ನೆ ಇರಿ. ಇಂದ್ರಿಯಗಳು ತಾವಾಗಿ ಒಳಮುಖ ಆಗುವ ಪ್ರತ್ಯಾಹಾರದ ಸಣ್ಣ ರುಚಿ ಸಿಗುವುದು ಈ ಹೊತ್ತಿನಲ್ಲೇ.

ಜೋರು ಮಳೆಯ ರಾತ್ರಿಗೆ

ಇದನ್ನು ಬೇರೆಯಾಗಿ ಬರೆಯಲೇಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆಯ ಬೆಟ್ಟಗಳು ಜರಿದ ಮೇಲೆ, ರಾತ್ರಿ ಮಳೆ ಬಲವಾದರೆ ನಿದ್ದೆ ಬಾರದವರು, ಎದೆ ಡವಗುಟ್ಟುವವರು ಇಲ್ಲಿ ಎಷ್ಟೋ ಮಂದಿ ಇದ್ದಾರೆ. ಅದು ಹೇಡಿತನ ಅಲ್ಲ. ಕಂಡದ್ದನ್ನು ಮೈ ಮರೆತಿಲ್ಲ, ಅಷ್ಟೇ.

ಮೊದಲು ನಿಜದ ಅಪಾಯ ಇದೆಯಾ ನೋಡಿ. ಮನೆಯ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ಗೋಡೆಯಲ್ಲಿ) ಹೊಸ ಬಿರುಕು, ಮರ ಅಥವಾ ಕಂಬ ವಾಲಿರುವುದು, ಇದ್ದಕ್ಕಿದ್ದಂತೆ ಕೆಸರು ನೀರು ಚಿಮ್ಮುವುದು ಕಂಡರೆ ಉಸಿರಾಟ ಮಾಡುತ್ತಾ ಕೂರಬೇಡಿ, ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿ. ಜಿಲ್ಲಾಡಳಿತದ ಎಚ್ಚರಿಕೆ ಇದ್ದರೆ ಪಾಲಿಸಿ.

ಅಪಾಯ ಇಲ್ಲ ಅಂತ ಖಚಿತವಾದ ಮೇಲೂ ಎದೆ ನಿಲ್ಲದಿದ್ದರೆ ಎದ್ದು ಕೂರಿ, ಬೆನ್ನಿಗೆ ಗೋಡೆ ಇರಲಿ. ಮೂರು ಎಣಿಕೆ ಎಳೆದು ಐದು ಬಿಡಿ. ಎಣಿಸಲು ಆಗದಷ್ಟು ಗಾಬರಿ ಇದ್ದರೆ ಭ್ರಾಮರಿ ಮಾಡಿ, ಪಕ್ಕದಲ್ಲಿರುವವರನ್ನೂ ಸೇರಿಸಿಕೊಳ್ಳಿ. ಆದರೆ ಇದನ್ನು ಗಾಬರಿಯ ರಾತ್ರಿಯೇ ಮೊದಲ ಸಲ ಕಲಿಯಲು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲೇ ರೂಢಿ ಮಾಡಿಕೊಂಡಿದ್ದರೆ ಜುಲೈನಲ್ಲಿ ಕೈಗೆ ಸಿಗುತ್ತದೆ. ಭಯ ತಿಂಗಳುಗಟ್ಟಲೆ ಬಿಡದಿದ್ದರೆ ಡಾಕ್ಟರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಯಾರು ಜಾಗ್ರತೆ ವಹಿಸಬೇಕು

ಆಸ್ತಮಾ ಇರುವವರು ಇನ್‌ಹೇಲರ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಉಬ್ಬಸ ಬಂದ ಹೊತ್ತಿನಲ್ಲಿ ಎಣಿಕೆ ಮಾಡಲು ಹೋಗಬೇಡಿ, ಔಷಧಿ ತೆಗೆದುಕೊಳ್ಳಿ. ಬಿ.ಪಿ., ಹೃದಯದ ತೊಂದರೆ, ಮೂರ್ಛೆ ರೋಗ ಇರುವವರು, ಗರ್ಭಿಣಿಯರು, ಈಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿ ಶುರುಮಾಡಿ. ಉಸಿರನ್ನು ಹಿಡಿಯುವುದು, ಜೋರಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಇವರಿಗೆ ಬೇಡ. ಉಸಿರಾಟ ಮಾಡುತ್ತಿದ್ದೇನೆ ಅಂತ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ.

ಹಿಡಿಯುವ ವಿಷಯ

ಉಸಿರು ಹಿಡಿಯುವುದಕ್ಕೆ ಕುಂಭಕ ಅನ್ನುತ್ತಾರೆ. ಒಂದು ಪಾಲು ಎಳೆದು, ನಾಲ್ಕು ಪಾಲು ಹಿಡಿದು, ಎರಡು ಪಾಲು ಬಿಡುವ ಹಳೆಯ ಅಳತೆ ಇದೆ. ವಿಡಿಯೊ ನೋಡಿ ಮೊದಲ ದಿನವೇ ಇದಕ್ಕೆ ಕೈಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹದಿನೈದನೇ ಶತಮಾನದ ಸ್ವಾತ್ಮಾರಾಮರು ಹಠಯೋಗ ಪ್ರದೀಪಿಕೆಯಲ್ಲಿ ಇದರ ಬಗ್ಗೆ ಎಚ್ಚರಿಸಿದ್ದಾರೆ. ಸಿಂಹ, ಆನೆ, ಹುಲಿಯನ್ನು ಮೆಲ್ಲಮೆಲ್ಲಗೆ ಪಳಗಿಸುವ ಹಾಗೆ ಉಸಿರನ್ನೂ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅನ್ನುತ್ತಾರೆ. ತಪ್ಪಾಗಿ ಮಾಡಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ ಕಿವಿ ಕಣ್ಣಿನ ನೋವು ಬರುತ್ತವೆ ಅಂತಲೂ ಪಟ್ಟಿ ಕೊಡುತ್ತಾರೆ. ದುಬಾರೆ, ಮತ್ತಿಗೋಡು ಆನೆ ಶಿಬಿರದ ಮಾವುತರು ಕಾವಾಡಿಗಳನ್ನು ಕಂಡವರಿಗೆ ಆ ಮಾತಿನ ತೂಕ ಬೇಗ ತಿಳಿಯುತ್ತದೆ. ಅಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ನಾಲ್ಕು–ಆರರ ಲಯ ಕೆಲವು ತಿಂಗಳು ಸಲೀಸಾಗಿ ನಡೆದ ಮೇಲೆ ಕುಂಭಕ ಬೇಕು ಅನಿಸಿದರೆ ಗುರುವಿನ ಎದುರು ಕೂತೇ ಕಲಿಯಿರಿ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಅಭ್ಯಾಸವನ್ನು ಆಯಾ ವ್ಯಕ್ತಿಗೆ ತಕ್ಕಂತೆ ಹೊಂದಿಸಬೇಕು ಅನ್ನುತ್ತಿದ್ದರು. ಗುರುವನ್ನು ಆರಿಸುವಾಗ ಅದನ್ನೇ ನೋಡಿ. ಮೊದಲ ದಿನ ನಿಮ್ಮ ವಯಸ್ಸು, ಬಿ.ಪಿ., ನಿದ್ದೆ, ಕೆಲಸದ ಬಗ್ಗೆ ಕೇಳುತ್ತಾರಾ? ನೀವು ಉಸಿರಾಡುವುದನ್ನು ಕೆಲವು ನಿಮಿಷ ಸುಮ್ಮನೆ ಕೂತು ನೋಡುತ್ತಾರಾ? ಕೇಳದೆ, ನೋಡದೆ ಎಲ್ಲರಿಗೂ ಒಂದೇ ಎಣಿಕೆ ಕೊಡುವವರ ಹತ್ತಿರ ಆಸನ ಬೇಕಾದರೆ ಕಲಿಯಿರಿ, ಕುಂಭಕ ಬೇಡ.